ಬೆನ್ನುಚೀಲಕ್ಕೆ ಕಚ್ಚಿಕೊಂಡ ಹಳೆಯ ವಾಸನೆಯನ್ನು ಬಿಡಿಸುವ ಕ್ರಮ

ಚೀಲವನ್ನು ಸೋಪು ಹಾಕಿ ಎರಡೆರಡು ಸಲ ತೊಳೆದು ಬಿಸಿಲಿಗೆ ಹಾಕಿದರೂ, ಅದನ್ನು ಹೆಗಲಿಗೇರಿಸಿ ಒಂದು ಗಂಟೆ ಬೆಟ್ಟ ಹತ್ತಿದ ಕೂಡಲೇ ಹಳೆಯ ವಾಸನೆ ಮರಳಿ ಬರುತ್ತದೆ ಎಂಬ ದೂರನ್ನು ಚಿತ್ರದುರ್ಗ ಮತ್ತು ದಾವಣಗೆರೆ ಕಡೆಯ ಚಾರಣಿಗರಿಂದ, ಕೆರೆಗೆ ಗಾಳ ಹಾಕಲು ಹೋಗುವವರಿಂದ, ಹೊಲಕ್ಕೆ ಬುತ್ತಿ ಒಯ್ಯುವವರಿಂದ ಆಗಾಗ ಕೇಳುತ್ತೇವೆ. ವಾಸನೆ ಯಾವುದರಿಂದ ಹುಟ್ಟಿದೆ ಎಂದು ತಿಳಿಯದೆ ಎಲ್ಲಕ್ಕೂ ಒಂದೇ ಮದ್ದು ಹಾಕುವುದು ಇದಕ್ಕೆ ಮೊದಲ ಕಾರಣ. ಒಳಗಿನ ಸ್ಪಂಜು ಪೂರ್ತಿ ಒಣಗುವ ಮೊದಲೇ ಚೀಲವನ್ನು ಮಡಿಸಿ ಅಟ್ಟಕ್ಕೆ ಹಾಕುವುದು ಎರಡನೆಯದು. ಬೆವರಿನ ವಾಸನೆಗೆ ಹಿಡಿಯುವ ಮದ್ದು ಮೀನಿನ ವಾಸನೆಗೆ ಹಿಡಿಯುವುದಿಲ್ಲ, ಎಣ್ಣೆಯ ಕಮಟಿಗೆ ಹಿಡಿಯುವ ಮದ್ದು ಬೂಷ್ಟಿನ ಮುಗ್ಗಲಿಗೆ ಸಾಲದು. ಆದ್ದರಿಂದ ಈ ಬರಹದಲ್ಲಿ ಮೊದಲು ಮೂಲವನ್ನು ಗುರುತಿಸುವ ಬಗೆಯನ್ನು ಹೇಳಿ, ಆಮೇಲೆ ಒಂದೊಂದಕ್ಕೂ ತಕ್ಕ ಕ್ರಮವನ್ನು ವಿವರಿಸಲಾಗಿದೆ.

ಬೇಟೆಚೀಲ ಎಂಬ ಹೆಸರಿನಲ್ಲೇ ಮಾರಾಟವಾಗುವ ಹಸಿರು, ಕಂದು ಬಣ್ಣದ ದೊಡ್ಡ ಬೆನ್ನುಚೀಲಗಳು ಈಗ ನಮ್ಮ ಊರುಗಳಲ್ಲೂ ಕಾಣಸಿಗುತ್ತವೆ. ಹೊರದೇಶದಲ್ಲಿರುವ ಬಂಧುಗಳು ತಂದುಕೊಟ್ಟದ್ದೋ, ಯಾರೋ ಬಳಸಿ ಬಿಟ್ಟದ್ದನ್ನು ಕಡಿಮೆ ಬೆಲೆಗೆ ಕೊಂಡದ್ದೋ ಆಗಿರುತ್ತದೆ. ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಕಾಡುಪ್ರಾಣಿಗಳ ಬೇಟೆಯನ್ನು ನಿಷೇಧಿಸಿರುವುದರಿಂದ, ಇಲ್ಲಿ ಈ ಚೀಲಗಳು ಹಕ್ಕಿ ನೋಡುವವರ, ಫೋಟೋ ತೆಗೆಯುವವರ, ಬೆಟ್ಟ ಹತ್ತುವವರ ಬೆನ್ನಿಗೆ ಬಂದಿವೆ. ಆದರೆ ಅವುಗಳ ಹೊಲಿಗೆ ಮಾತ್ರ ಬೇಟೆಗಾಗಿಯೇ ಮಾಡಿದ್ದು. ಪೊದೆಗೆ ತಗುಲಿದಾಗ ಸರಸರ ಸದ್ದಾಗಬಾರದೆಂದು ಹೊರಮೈಗೆ ಗರಿಗರಿಯಾದ ನೈಲಾನಿನ ಬದಲು ಸಣ್ಣ ನವಿರಿರುವ ಮೆತ್ತನೆಯ ಬಟ್ಟೆಯನ್ನು ಬಳಸುತ್ತಾರೆ. ಈ ನವಿರು ಬೆವರು, ಹೊಗೆ, ರಕ್ತ ಎಲ್ಲವನ್ನೂ ಸಾಮಾನ್ಯ ಚೀಲಕ್ಕಿಂತ ಹೆಚ್ಚು ಹಿಡಿದಿಟ್ಟುಕೊಳ್ಳುತ್ತದೆ, ಒಣಗುವುದಕ್ಕೂ ಹೆಚ್ಚು ಹೊತ್ತು ತೆಗೆದುಕೊಳ್ಳುತ್ತದೆ. ಇಂಥ ಚೀಲ ನಿಮ್ಮಲ್ಲಿದ್ದರೆ ಮುಂದೆ ಹೇಳುವ ನೆನೆಸುವ ಮತ್ತು ಒಣಗಿಸುವ ಸಮಯಗಳನ್ನು ಒಂದೂವರೆ ಪಟ್ಟು ಎಂದು ಲೆಕ್ಕ ಹಿಡಿಯುವುದು ಒಳ್ಳೆಯದು.

ಮೊದಲ ಕೆಲಸ: ವಾಸನೆಯ ಮೂಲವನ್ನು ಹುಡುಕುವುದು

ಚೀಲವನ್ನು ಪೂರ್ತಿ ಖಾಲಿ ಮಾಡಿ, ಎಲ್ಲ ಜಿಪ್‌ಗಳನ್ನೂ ತೆರೆದು, ದೊಡ್ಡ ಪ್ಲಾಸ್ಟಿಕ್ ಚೀಲವೊಂದರಲ್ಲಿ ಹಾಕಿ ಬಾಯಿ ಕಟ್ಟಿ ಅರ್ಧ ಗಂಟೆ ಬೆಚ್ಚಗಿರುವ ಕಡೆ ಇಡಿ. ಬೆಚ್ಚಗಾದಾಗ ವಾಸನೆಯ ಕಣಗಳು ಬಟ್ಟೆಯಿಂದ ಹೆಚ್ಚು ಏಳುತ್ತವೆ. ತಣ್ಣಗಿನ ಕೋಣೆಯಲ್ಲಿ ಏನೂ ಇಲ್ಲವೆನ್ನಿಸಿದ ಚೀಲವೂ ಆಗ ತನ್ನ ನಿಜವನ್ನು ಹೇಳುತ್ತದೆ. ಬೆಳಗಿನ ಹೊತ್ತು, ಕಾಫಿ ತಿಂಡಿಗೆ ಮೊದಲು ಇದನ್ನು ಮಾಡಿದರೆ ಮೂಗು ಚುರುಕಾಗಿರುತ್ತದೆ. ಬಾಯಿ ಬಿಚ್ಚಿದ ಮೇಲೆ ಒಂದೇ ಸಲ ಒಳಗೆ ಮೂಗು ಹಾಕದೆ, ಹೆಗಲ ಪಟ್ಟಿ, ಬೆನ್ನಿನ ಪ್ಯಾಡು, ಸೊಂಟದ ಪಟ್ಟಿ, ತಳ, ಒಳಜೇಬು, ಬಾಟಲಿಯ ಜೇಬು ಹೀಗೆ ಒಂದೊಂದನ್ನೇ ಪರೀಕ್ಷಿಸಿ.

ಪಟ್ಟಿ ಮತ್ತು ಪ್ಯಾಡಿನಲ್ಲಿ ಹುಳಿನಾತವಿದ್ದು ಅಂಚಿನಲ್ಲಿ ಬಿಳಿಯ ಉಪ್ಪಿನ ಗೆರೆ ಕಂಡರೆ ಅದು ಬೆವರು. ತಳದಲ್ಲಿ ಕಮಟು ವಾಸನೆಯಿದ್ದರೆ ಅಲ್ಲಿಗೆ ಬಿಳಿಯ ಕಾಗದವೊಂದನ್ನು ಒತ್ತಿ, ಮೇಲೆ ಭಾರ ಹೇರಿ ಒಂದು ಗಂಟೆ ಬಿಟ್ಟು ಬೆಳಕಿಗೆ ಹಿಡಿದು ನೋಡಿ. ಕಾಗದ ಪಾರದರ್ಶಕವಾಗಿದ್ದರೆ ಎಣ್ಣೆ ಸೋರಿದೆ ಎಂದು ಖಚಿತ. ಒಳಗಿನ ಮೂಲೆಗಳಲ್ಲಿ ಹಳೆಯ ಉಗ್ರಾಣದ ಮುಗ್ಗಲು ವಾಸನೆಯೂ ಕಪ್ಪು ಅಥವಾ ಬೂದು ಚುಕ್ಕೆಗಳೂ ಇದ್ದರೆ ಬೂಷ್ಟು ಹಿಡಿದಿದೆ. ಒದ್ದೆ ಮಾಡಿದ ಬೆರಳಿನಿಂದ ಒಳಪದರವನ್ನು ಉಜ್ಜಿದಾಗ ಅಂಟಂಟಾಗಿ, ಪದರ ಪುಡಿಯಾಗಿ ಬೆರಳಿಗೆ ಬಂದು, ವಾಂತಿಯಂಥ ನಾತ ಬಂದರೆ ಅದು ಬೇರೆಯೇ ಕಾಯಿಲೆ. ಅದನ್ನು ಕೊನೆಯಲ್ಲಿ ಹೇಳಿದ್ದೇನೆ. ಒಂದೇ ಚೀಲದಲ್ಲಿ ಎರಡು ಮೂರು ಮೂಲಗಳು ಕೂಡಿರುವುದು ಅಪರೂಪವೇನಲ್ಲ. ಆಗ ಮೊದಲು ರಕ್ತ ಮತ್ತು ಮೀನು, ಆಮೇಲೆ ಎಣ್ಣೆ, ಆಮೇಲೆ ಬೆವರು, ಕೊನೆಗೆ ಬೂಷ್ಟು ಎಂಬ ಸರದಿಯಲ್ಲಿ ಹೋಗಬೇಕು. ರಕ್ತಕ್ಕೆ ತಣ್ಣೀರು ಬೇಕು, ಎಣ್ಣೆಗೆ ಬಿಸಿನೀರು ಬೇಕು; ಸರದಿ ತಪ್ಪಿದರೆ ಬಿಸಿನೀರು ತಗುಲಿದ ರಕ್ತ ನೂಲಿನಲ್ಲೇ ಗಟ್ಟಿಯಾಗಿ ಕೂರುತ್ತದೆ.

ತೊಳೆಯುವ ಮುನ್ನ

ಬೆನ್ನಿನ ಭಾಗದಲ್ಲಿ ಅಲ್ಯೂಮಿನಿಯಂ ಪಟ್ಟಿಯೋ ಪ್ಲಾಸ್ಟಿಕ್ ಹಲಗೆಯೋ ಇದ್ದರೆ ಹೊರಗೆ ತೆಗೆಯಿರಿ. ಬಿಚ್ಚಲು ಬರುವ ಸೊಂಟಪಟ್ಟಿ, ಎದೆಪಟ್ಟಿಗಳನ್ನು ಬಿಚ್ಚಿ ಬೇರೆಯಾಗಿ ತೊಳೆಯಬೇಕು. ಚೀಲವನ್ನು ತಲೆಕೆಳಗೆ ಮಾಡಿ ಕೊಡವಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಒಳಹೊಲಿಗೆಯ ಸಂದುಗಳನ್ನು ಒಣದಾಗಿಯೇ ಉಜ್ಜಿ ತೆಗೆಯಿರಿ. ಹಳ್ಳದ ಮರಳು, ಮಂಡಕ್ಕಿಯ ಪುಡಿ, ಶೇಂಗಾ ಸಿಪ್ಪೆ ಎಲ್ಲ ಅಲ್ಲೇ ಸೇರಿಕೊಂಡಿರುತ್ತವೆ. ನೀರು ತಗುಲಿದ ಮೇಲೆ ಇವು ಕೆಸರಾಗಿ ಹೊಲಿಗೆಯೊಳಗೆ ಇಳಿಯುತ್ತವೆ.

ವಾಷಿಂಗ್ ಮಷೀನಿಗೆ ಬೆನ್ನುಚೀಲವನ್ನು ಹಾಕಲೇಬಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ. ತಿರುಗುವ ರಭಸಕ್ಕೆ ಬಕಲ್‌ಗಳು ಒಡೆಯುತ್ತವೆ, ಸ್ಪಂಜು ಹರಿಯುತ್ತದೆ, ನೀರು ತಡೆಯುವ ಒಳಲೇಪ ಸುಲಿಯುತ್ತದೆ. ದೊಡ್ಡ ಪ್ಲಾಸ್ಟಿಕ್ ಟಬ್ಬು, ಮೆತ್ತನೆಯ ಬ್ರಷ್ಷು, ಎರಡು ಬಕೆಟ್ಟು ಇದ್ದರೆ ಸಾಕು. ಯಾವ ದ್ರವವನ್ನೇ ಆಗಲಿ ಮೊದಲು ಒಳಗಿನ ಕಾಣದ ಮೂಲೆಯಲ್ಲಿ ಒಂದು ರೂಪಾಯಿ ನಾಣ್ಯದಷ್ಟು ಜಾಗಕ್ಕೆ ಹಚ್ಚಿ, ಒಣಗಿದ ಮೇಲೆ ಬಣ್ಣ ಹೋಗಿದೆಯೇ ನೋಡಿ ಮುಂದುವರಿಯಿರಿ.

ನೀರಿನ ಮಾತು

ನಮ್ಮ ಎರಡೂ ಜಿಲ್ಲೆಗಳಲ್ಲಿ ಈ ವಿಷಯಕ್ಕೆ ವಿಶೇಷ ಗಮನ ಕೊಡಬೇಕು. ಚಿತ್ರದುರ್ಗ, ಚಳ್ಳಕೆರೆ, ಮೊಳಕಾಲ್ಮೂರು, ಜಗಳೂರು ಕಡೆಯ ಬೋರ್‌ವೆಲ್ ನೀರು ಬಹಳ ಕಡೆ ಗಡಸು. ಬಕೆಟ್ಟಿನ ಒಳಬದಿಗೆ ಕಟ್ಟುವ ಬಿಳಿಯ ಪೊರೆಯೇ ಇದರ ಗುರುತು. ಇಂಥ ನೀರಿನಲ್ಲಿರುವ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಸೋಪಿನೊಡನೆ ಸೇರಿ ನೀರಿನಲ್ಲಿ ಕರಗದ ಜಿಗುಟು ಪದಾರ್ಥವಾಗುತ್ತವೆ. ಅದು ನೂಲಿನ ನಡುವೆ ಕುಳಿತು ಬೆವರಿನ ಜಿಡ್ಡನ್ನೂ ಕೊಳೆಯನ್ನೂ ತನ್ನೊಳಗೆ ಹಿಡಿದಿಟ್ಟುಕೊಳ್ಳುತ್ತದೆ. ಬಾರ್ ಸೋಪಿನಲ್ಲಿ ತೊಳೆದಷ್ಟೂ ಚೀಲ ಬಿರುಸಾಗಿ, ವಾಸನೆ ಉಳಿದೇ ಇರುವುದಕ್ಕೆ ಎಷ್ಟೋ ಮನೆಗಳಲ್ಲಿ ಇದೇ ಕಾರಣ.

ಆದ್ದರಿಂದ ಬಾರ್ ಸೋಪನ್ನು ಬಿಟ್ಟು ದ್ರವರೂಪದ ಡಿಟರ್ಜೆಂಟ್ ಬಳಸಿ. ಅದು ಗಡಸು ನೀರಿನಲ್ಲಿ ಆ ರೀತಿ ಗಂಟು ಕಟ್ಟುವುದಿಲ್ಲ. ಮಳೆನೀರು ಹಿಡಿದಿಟ್ಟಿದ್ದರೆ ಕೊನೆಯ ಜಾಲಿಸುವಿಕೆಗಾದರೂ ಅದನ್ನೇ ಬಳಸಿ. ಅಂಟುವಾಳಕಾಯಿಯನ್ನು ನೆನೆಹಾಕಿ ಕಿವುಚಿ ಸೋಸಿದ ನೊರೆನೀರು ಸಹ ಈ ಕೆಲಸಕ್ಕೆ ನಿಜಕ್ಕೂ ಚೆನ್ನಾಗಿ ಒದಗುತ್ತದೆ. ಅದರ ನೊರೆ ಸೋಪಿನ ಜಾತಿಯದಲ್ಲವಾದ್ದರಿಂದ ಗಡಸು ನೀರಿನಲ್ಲೂ ಜಿಗುಟು ಕಟ್ಟುವುದಿಲ್ಲ, ಪರಿಮಳವನ್ನೂ ಉಳಿಸುವುದಿಲ್ಲ. ತಿಳಿಬಣ್ಣದ ಬಟ್ಟೆಗೆ ಮಾತ್ರ ಅದರಿಂದ ಸ್ವಲ್ಪ ಕಂದು ಛಾಯೆ ಬರಬಹುದು. ಮುಂಚೆಯೇ ಬಾರ್ ಸೋಪಿನಿಂದ ತೊಳೆದು ಬಿರುಸಾಗಿರುವ ಚೀಲವಾದರೆ, ಹತ್ತು ಲೀಟರ್ ನೀರಿಗೆ ಒಂದು ಲೋಟ ಬಿಳಿ ವಿನೆಗರ್ ಬೆರೆಸಿ ಅರ್ಧ ಗಂಟೆ ನೆನೆಸಿ ಜಾಲಿಸಿದ ನಂತರವೇ ಉಳಿದ ಕೆಲಸಕ್ಕೆ ಕೈಹಾಕಿ.

ಬಟ್ಟೆ ಮೃದುಗೊಳಿಸುವ ಸುವಾಸನೆಯ ದ್ರವಗಳನ್ನು ದೂರವಿಡಬೇಕು. ಅವು ನೂಲಿನ ಮೇಲೆ ಜಿಡ್ಡಿನ ತೆಳು ಪದರವನ್ನು ಬಿಟ್ಟು ಹೊರಮೈಯ ನೀರು ತಡೆಯುವ ಗುಣವನ್ನು ಕೆಡಿಸುತ್ತವೆ. ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗವನ್ನು 2011ರಲ್ಲಿ ಕೊಂಡುಕುರಿ ಎಂಬ ನಾಲ್ಕು ಕೊಂಬಿನ ಪ್ರಾಣಿಗಳಿಗಾಗಿ ವನ್ಯಧಾಮವೆಂದು ಘೋಷಿಸಲಾಯಿತು. ಅಂಥ ಕಡೆ ಅನುಮತಿ ಪಡೆದು ಹೋಗಿ, ವಾಸನೆ ಹಿಡಿದು ದೂರ ಸರಿಯುವ ಪ್ರಾಣಿಗಳನ್ನು ನೋಡಲು ಗಂಟೆಗಟ್ಟಲೆ ಅಲುಗಾಡದೆ ಕೂರುವವರಿಗೆ ಮಲ್ಲಿಗೆಯ ಪರಿಮಳದ ಚೀಲವೂ ನಾರುವ ಚೀಲದಷ್ಟೇ ತೊಡಕು. ಪರಿಮಳವಿಲ್ಲದ ಡಿಟರ್ಜೆಂಟನ್ನೇ ಆರಿಸಿಕೊಳ್ಳಿ.

ಬೆವರಿನ ವಾಸನೆ

ಮೈಯಿಂದ ಆಗತಾನೆ ಇಳಿದ ಬೆವರಿಗೆ ಹೆಚ್ಚಿನ ವಾಸನೆಯಿರುವುದಿಲ್ಲ. ಚರ್ಮದಿಂದ ಪಟ್ಟಿಗೆ ದಾಟಿದ ಬ್ಯಾಕ್ಟೀರಿಯಾಗಳು ಆ ಬೆವರನ್ನೂ ಚರ್ಮದ ಜಿಡ್ಡನ್ನೂ ಒಡೆದು ಐಸೋವ್ಯಾಲರಿಕ್ ಆಮ್ಲದಂಥ ಹುಳಿನಾತದ ಆಮ್ಲಗಳನ್ನು ಉಂಟುಮಾಡುತ್ತವೆ. ಪಾಲಿಯೆಸ್ಟರ್ ನೂಲು ನೀರನ್ನು ಹೀರದಿದ್ದರೂ ಜಿಡ್ಡನ್ನು ಬಿಡದೆ ಹಿಡಿಯುತ್ತದೆ. ಅದರ ಹಿಂದಿನ ಸ್ಪಂಜಿನಲ್ಲಿ ಬ್ಯಾಕ್ಟೀರಿಯಾಗಳು ಒಣಗಿದ ಸ್ಥಿತಿಯಲ್ಲೂ ಉಳಿದುಕೊಂಡು, ಮುಂದಿನ ಚಾರಣದ ಬೆವರು ತಗುಲಿದೊಡನೆ ಮತ್ತೆ ಕೆಲಸ ಆರಂಭಿಸುತ್ತವೆ. ತೊಳೆದ ಚೀಲ ಮನೆಯಲ್ಲಿ ಚೆನ್ನಾಗಿದ್ದು ಬೆಟ್ಟದ ಮೇಲೆ ನಾರುವುದು ಇದೇ ಕಾರಣಕ್ಕೆ.

ವಾಸನೆ ಆಮ್ಲದ್ದಾದ್ದರಿಂದ ಮದ್ದು ಕ್ಷಾರದ್ದಾಗಬೇಕು. ಹದಿನೈದು ಲೀಟರ್ ಉಗುರುಬೆಚ್ಚಗಿನ ನೀರಿಗೆ ಸುಮಾರು 150 ಗ್ರಾಂ ಅಡುಗೆ ಸೋಡಾ ಕರಗಿಸಿ ಚೀಲವನ್ನು ಮುಳುಗಿಸಿ. ಸ್ಪಂಜಿನ ಭಾಗಗಳನ್ನು ನೀರಿನೊಳಗೇ ಅಂಗೈಯಿಂದ ಒತ್ತಿ ಬಿಡುತ್ತಾ ಇದ್ದರೆ ಗಾಳಿಯ ಗುಳ್ಳೆಗಳು ಹೊರಬರುತ್ತವೆ. ಗುಳ್ಳೆ ನಿಲ್ಲುವವರೆಗೂ ಒತ್ತಬೇಕು, ಏಕೆಂದರೆ ಗಾಳಿ ಇರುವ ಜಾಗಕ್ಕೆ ಸೋಡಾನೀರು ಇಳಿದಿರುವುದಿಲ್ಲ. ಎರಡು ಗಂಟೆ ನೆನೆದ ಮೇಲೆ ಆ ನೀರಿನ ಬಣ್ಣವನ್ನು ನೋಡಿದರೆ ಬೇಸಿಗೆಯಲ್ಲಿ ಕೋಟೆ ಹತ್ತುವವರ ಹೆಗಲಪಟ್ಟಿಗಳು ಎಷ್ಟು ಹೊತ್ತಿವೆ ಎಂಬುದು ತಿಳಿಯುತ್ತದೆ. ತಿಳಿಕಂದು ಬಣ್ಣದ, ಮೇಲೆ ಜಿಡ್ಡಿನ ಹೊಳಪಿರುವ ನೀರದು. ಅದನ್ನು ಚೆಲ್ಲಿ, ಸೋಡಾವನ್ನು ಜಾಲಿಸಿ, ಕೊಳೆಯನ್ನು ಒಡೆಯುವ ಎನ್‌ಜೈಮ್ ಎಂಬ ಪದಾರ್ಥ ಇರುವ ಡಿಟರ್ಜೆಂಟಿನಲ್ಲಿ ಮತ್ತೆ ನೆನೆಸಿ. ಪೊಟ್ಟಣದ ಹಿಂಬದಿಯ ವಿವರದಲ್ಲಿ ಎನ್‌ಜೈಮ್ ಎಂಬ ಪದವನ್ನು ಹುಡುಕಿ ಕೊಂಡುಕೊಳ್ಳಿ. ಈ ಎನ್‌ಜೈಮ್‌ಗಳು 40 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ನೀರಿನಲ್ಲಿ ಚುರುಕಾಗಿ ಕೆಲಸ ಮಾಡುತ್ತವೆ, ಕುದಿಯುವ ನೀರು ತಗುಲಿದರೆ ನಿಷ್ಕ್ರಿಯವಾಗುತ್ತವೆ. ಥರ್ಮಾಮೀಟರ್ ಬೇಕಿಲ್ಲ. ಒಂದು ಚೆಂಬು ಕುದಿಯುವ ನೀರಿಗೆ ನಾಲ್ಕು ಚೆಂಬು ನಲ್ಲಿಯ ನೀರು ಬೆರೆಸಿದರೆ ಹೆಚ್ಚುಕಡಿಮೆ ಆ ಹದವೇ ಸಿಗುತ್ತದೆ. ಒಂದೂವರೆ ಗಂಟೆ ನೆನೆಸಿ, ಪಟ್ಟಿ ಮತ್ತು ಪ್ಯಾಡುಗಳನ್ನು ಬ್ರಷ್ಷಿನಿಂದ ಒಂದೇ ದಿಕ್ಕಿನಲ್ಲಿ ಉಜ್ಜಿ, ನೊರೆ ಪೂರ್ತಿ ಹೋಗುವವರೆಗೆ ಜಾಲಿಸಿ. ಪಟ್ಟಿಯನ್ನು ಹಿಂಡಿದಾಗ ಬರುವ ನೀರು ಬೆರಳುಗಳ ನಡುವೆ ಜಾರುತ್ತಿದ್ದರೆ ಇನ್ನೂ ಡಿಟರ್ಜೆಂಟ್ ಉಳಿದಿದೆ.

ಚರ್ಮದ ಪಟ್ಟಿಯಿರುವ ಅಥವಾ ಉಣ್ಣೆಯ ಒಳಪದರವಿರುವ ಚೀಲಕ್ಕೆ ಎನ್‌ಜೈಮ್ ಬೇಡ. ಅದು ಕೊಳೆಯ ಪ್ರೋಟೀನಿನ ಜೊತೆಗೆ ಚರ್ಮ ಮತ್ತು ಉಣ್ಣೆಯ ಪ್ರೋಟೀನನ್ನೂ ತಿನ್ನುತ್ತದೆ. ಬಟ್ಟೆ ಸೋಡಾ ಅಡುಗೆ ಸೋಡಾಕ್ಕಿಂತ ಬಹಳ ತೀಕ್ಷ್ಣವಾದದ್ದು. ಅದು ಅಲ್ಯೂಮಿನಿಯಂ ಭಾಗಗಳನ್ನೂ ಒಳಲೇಪವನ್ನೂ ತಿನ್ನುವುದರಿಂದ ಇಲ್ಲಿ ಬಳಸಬಾರದು.

ರಕ್ತ, ಮಾಂಸ, ಮೀನು

ಹೊರದೇಶಗಳಲ್ಲಿ ಬೇಟೆಚೀಲಗಳ ಮುಖ್ಯ ತೊಂದರೆ ರಕ್ತದ್ದು, ಏಕೆಂದರೆ ಕಾನೂನುಬದ್ಧ ಬೇಟೆಯಿರುವ ಕಡೆ ಮಾಂಸವನ್ನು ಅದರಲ್ಲೇ ಹೊತ್ತು ತರುತ್ತಾರೆ. ಬಳಸಿದ ಚೀಲವನ್ನು ಕೊಂಡವರಿಗೆ ಆ ವಾಸನೆಯೂ ಜೊತೆಗೆ ಬರುತ್ತದೆ. ನಮ್ಮಲ್ಲಿ ಊರ ಹೊರಗೆ ಅಡುಗೆ ಮಾಡಿಕೊಳ್ಳಲು ಕೋಳಿಮಾಂಸ ಒಯ್ಯುವಾಗ, ಸೂಳೆಕೆರೆ ಅಥವಾ ಮಾರಿಕಣಿವೆಯ ಕಡೆಯಿಂದ ಮೀನು ತರುವಾಗ ಪ್ಲಾಸ್ಟಿಕ್ ಕವರು ಒಡೆದು ಇದೇ ಸ್ಥಿತಿ ಬರುತ್ತದೆ.

ರಕ್ತದ ಕಲೆಗೆ ತಣ್ಣೀರನ್ನೇ ಬಳಸಬೇಕು. ಹೊಸ ಕಲೆಯಾದರೆ ಬಟ್ಟೆಯ ಹಿಂಬದಿಯಿಂದ ನಲ್ಲಿಯ ನೀರನ್ನು ಬಿಟ್ಟು ಕಲೆಯನ್ನು ಹೊರಕ್ಕೆ ತಳ್ಳಿ. ಹಳೆಯದಾದರೆ ತಣ್ಣೀರಿನಲ್ಲಿ ರಾತ್ರಿಯಿಡೀ ನೆನೆಸಿ, ನೀರು ಬದಲಿಸಿ, ಕೆಂಪು ಛಾಯೆ ನಿಂತ ಮೇಲೆ ಮೇಲೆ ಹೇಳಿದ ಎನ್‌ಜೈಮ್ ಡಿಟರ್ಜೆಂಟಿಗೆ ಬನ್ನಿ. ಅದಕ್ಕೂ ಬಗ್ಗದ ಕಂದು ಕಲೆಗೆ ಔಷಧಿ ಅಂಗಡಿಯಲ್ಲಿ ಸಿಗುವ ಹೈಡ್ರೋಜನ್ ಪೆರಾಕ್ಸೈಡ್ ಇದೆ. ನಮ್ಮಲ್ಲಿ ಅದು ಸಾಮಾನ್ಯವಾಗಿ 6% ಪ್ರಮಾಣದಲ್ಲಿ ಬರುವುದರಿಂದ ಅಷ್ಟೇ ನೀರು ಬೆರೆಸಿ 3%ಗೆ ಇಳಿಸಿಕೊಂಡು ಹತ್ತಿಯಿಂದ ಹಚ್ಚಿ. ರಕ್ತ ಉಳಿದಿರುವಲ್ಲಿ ಬಿಳಿಯ ನೊರೆ ಉಕ್ಕುತ್ತದೆ, ಉಳಿದಿಲ್ಲದ ಕಡೆ ಸುಮ್ಮನಿರುತ್ತದೆ. ಹೀಗಾಗಿ ಅದು ಮದ್ದೂ ಹೌದು, ಪರೀಕ್ಷೆಯೂ ಹೌದು. ಹತ್ತು ನಿಮಿಷಕ್ಕಿಂತ ಹೆಚ್ಚು ಬಿಡದೆ ತೊಳೆಯಿರಿ, ಕಡುಬಣ್ಣದ ಬಟ್ಟೆಯಲ್ಲಿ ಬಣ್ಣ ಮಾಸುವ ಸಂಭವವಿದೆ.

ಮೀನಿನ ವಾಸನೆಯ ಲೆಕ್ಕ ಬೆವರಿಗೆ ಪೂರ್ತಿ ವಿರುದ್ಧ. ಕರಾವಳಿಯಿಂದ ಬರುವ ಬಂಗುಡೆ, ಬೂತಾಯಿಗಳಲ್ಲಿ ನಾತಕ್ಕೆ ಮುಖ್ಯ ಕಾರಣ ಟ್ರೈಮೀಥೈಲ್ ಅಮೀನ್ ಎಂಬ ಕ್ಷಾರಗುಣದ ವಸ್ತು. ಆಮ್ಲ ತಗುಲಿದರೆ ಅದು ಗಾಳಿಗೆ ಏಳಲಾರದ ಲವಣವಾಗಿ ನೀರಿನಲ್ಲಿ ತೊಳೆದುಹೋಗುತ್ತದೆ. ನಮ್ಮ ಕೆರೆಗಳ ಕಾಟ್ಲಾ, ರೋಹುಗಳಲ್ಲಿ ಈ ವಸ್ತು ಕಡಿಮೆ. ಅವುಗಳ ಕೆಸರು ವಾಸನೆ ಜಿಯೋಸ್ಮಿನ್ ಎಂಬುದರಿಂದ ಬರುತ್ತದೆ. ಮೊದಲ ಮಳೆಗೆ ಮಣ್ಣಿನಿಂದ ಏಳುವ ವಾಸನೆಯಲ್ಲಿರುವುದೂ ಇದೇ ವಸ್ತು. ಆಮ್ಲದಲ್ಲಿ ಇದೂ ಒಡೆಯುತ್ತದೆ. ಮೀನು ತೊಳೆಯುವಾಗ ಹುಣಸೆಹಣ್ಣನ್ನೋ ನಿಂಬೆಯನ್ನೋ ಬಳಸುವ ನಮ್ಮ ಅಡುಗೆಮನೆಯ ರೂಢಿ ಎರಡಕ್ಕೂ ಸರಿಯಾದ ಮದ್ದು. ಚೀಲಕ್ಕೆ ಹುಣಸೆಯ ರಸ ಕಲೆ ಮಾಡುವುದರಿಂದ ಒಂದು ಪಾಲು ಬಿಳಿ ವಿನೆಗರ್‌ಗೆ ಮೂರು ಪಾಲು ನೀರು ಬೆರೆಸಿ ವಾಸನೆಯ ಭಾಗವನ್ನು ಅರ್ಧ ಗಂಟೆ ನೆನೆಸಿ. ನಿಂಬೆರಸವನ್ನು ಸೋಸಿ ಬಳಸಿದರೂ ಆದೀತು. ತಣ್ಣೀರಿನಲ್ಲಿ ಜಾಲಿಸಿ, ಆಮೇಲೆ ಡಿಟರ್ಜೆಂಟಿನಲ್ಲಿ ತೊಳೆಯಿರಿ.

ಇಲ್ಲಿ ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕಾಗಿದೆ. ವಿನೆಗರ್ ಮತ್ತು ಅಡುಗೆ ಸೋಡಾವನ್ನು ಒಟ್ಟಿಗೆ ಸುರಿದು ಬುರುಬುರು ನೊರೆ ಬರಿಸುವ ವಿಧಾನವನ್ನು ಬಹಳ ಜನ ಹೇಳುತ್ತಾರೆ. ಆ ನೊರೆ ಇಂಗಾಲದ ಡೈಆಕ್ಸೈಡ್ ಮಾತ್ರ. ಆಮ್ಲವೂ ಕ್ಷಾರವೂ ಒಂದನ್ನೊಂದು ತೀರಿಸಿಕೊಂಡು ಕೊನೆಗೆ ಉಳಿಯುವ ನೀರಿಗೆ ಎರಡರ ಗುಣವೂ ಇರುವುದಿಲ್ಲ. ಎರಡೂ ಬೇಕಿದ್ದರೆ ನಡುವೆ ಚೆನ್ನಾಗಿ ಜಾಲಿಸಿ ಒಂದಾದ ಮೇಲೊಂದು ಬಳಸಿ. ಬ್ಲೀಚಿಂಗ್ ಪೌಡರನ್ನಾಗಲಿ ಬ್ಲೀಚ್ ದ್ರವವನ್ನಾಗಲಿ ವಿನೆಗರ್ ಜೊತೆ ಎಂದಿಗೂ ಬೆರೆಸಬೇಡಿ, ವಿಷಕಾರಿ ಕ್ಲೋರಿನ್ ಅನಿಲ ಹೊರಡುತ್ತದೆ. ಬ್ಲೀಚು ನೈಲಾನ್ ನೂಲನ್ನೇ ಕೊರೆಯುವುದರಿಂದ ಬೆನ್ನುಚೀಲಕ್ಕೆ ಅದರ ಅಗತ್ಯವೇ ಇಲ್ಲ. ಪೆರಾಕ್ಸೈಡನ್ನೂ ವಿನೆಗರನ್ನೂ ಒಂದೇ ಪಾತ್ರೆಯಲ್ಲಿ ಕೂಡಿಸಬಾರದು.

ಎಣ್ಣೆಯ ಕಮಟು

ದಾವಣಗೆರೆಯವರ ಚೀಲದಲ್ಲಿ ಮಂಡಕ್ಕಿ ಮಿರ್ಚಿಯ ಪೊಟ್ಟಣ, ಚಳ್ಳಕೆರೆ ಕಡೆಯವರ ಚೀಲದಲ್ಲಿ ಶೇಂಗಾ ಚಟ್ನಿಪುಡಿ, ರೊಟ್ಟಿಯ ಜೊತೆ ಕಟ್ಟಿದ ಎಣ್ಣೆಗಾಯಿ ಇರುವುದು ಸಹಜ. ಪೊಟ್ಟಣದಿಂದ ಜಿನುಗಿದ ಶೇಂಗಾ ಎಣ್ಣೆ ಬಟ್ಟೆಯಲ್ಲಿ ತೆಳುವಾಗಿ ಹರಡಿದಾಗ ಗಾಳಿಯ ಆಮ್ಲಜನಕ ಅದನ್ನು ಬೇಗ ಒಡೆದು ಕಮಟು ಮಾಡುತ್ತದೆ. ಕಲೆ ಮಾಸಿದ ಮೇಲೂ ಕಮಟು ಹೋಗುವುದಿಲ್ಲ.

ಒದ್ದೆ ಮಾಡುವ ಮೊದಲು ಮುಲ್ತಾನಿ ಮಿಟ್ಟಿಯ ಪುಡಿಯನ್ನು ಕಲೆಯ ಮೇಲೆ ಕಾಲಂಗುಲ ದಪ್ಪಕ್ಕೆ ಹರಡಿ ರಾತ್ರಿಯಿಡೀ ಬಿಡಿ. ಎಣ್ಣೆ ಹೀರುವುದರಲ್ಲಿ ಅದು ಕಡಲೆಹಿಟ್ಟಿಗಿಂತ ಮೇಲು, ಇರುವೆಯನ್ನೂ ಕರೆಯುವುದಿಲ್ಲ. ಬೆಳಗ್ಗೆ ಕೊಡವಿ, ಪಾತ್ರೆ ತೊಳೆಯುವ ದ್ರವವನ್ನು ನೀರು ಬೆರೆಸದೆ ನೇರವಾಗಿ ಕಲೆಗೆ ಹಚ್ಚಿ ಬೆರಳಿನಿಂದ ತಿಕ್ಕಿ, ಹದಿನೈದು ನಿಮಿಷದ ನಂತರ ಕೈ ತಾಳುವಷ್ಟು ಬಿಸಿಯಾದ ನೀರಿನಲ್ಲಿ ತೊಳೆಯಿರಿ. ಕಾಗದದ ಪರೀಕ್ಷೆಯನ್ನು ಮತ್ತೆ ಮಾಡಿ, ಎಣ್ಣೆ ಇನ್ನೂ ಕಂಡರೆ ಇದನ್ನೇ ಪುನಃ ಮಾಡಿ. ಒಳಗೆ ರೆಕ್ಸಿನ್ ತರಹದ ಪದರವಿದ್ದರೆ ನೀರಿನ ಬಿಸಿಯನ್ನು ಇನ್ನೂ ಕಡಿಮೆ ಇಟ್ಟುಕೊಳ್ಳಬೇಕು.

ಬೂಷ್ಟಿನ ಮುಗ್ಗಲು

ಬೂಷ್ಟು ಹಿಡಿದ ಚೀಲವನ್ನು ಮನೆಯೊಳಗೆ ಕೊಡವಬಾರದು, ಅದರ ಬೀಜಕಣಗಳು ಹಾಸಿಗೆ ಬಟ್ಟೆಗಳಿಗೆಲ್ಲ ಹರಡುತ್ತವೆ. ಮೂಗು ಬಾಯಿಗೆ ಮಾಸ್ಕ್ ಕಟ್ಟಿಕೊಂಡು, ತೆರೆದ ಜಾಗದಲ್ಲಿ ಬ್ರಷ್ಷಿನಿಂದ ಒಣದಾಗಿ ಉಜ್ಜಿ. ಬಳಿಕ ಔಷಧಿ ಅಂಗಡಿಯ ಸರ್ಜಿಕಲ್ ಸ್ಪಿರಿಟನ್ನು ಬಟ್ಟೆಯ ತುಂಡಿಗೆ ಹಾಕಿಕೊಂಡು ಚುಕ್ಕೆಗಳ ಮೇಲೆ ಒರೆಸಿ, ಹತ್ತಿರ ಬೆಂಕಿಯಾಗಲಿ ಬೀಡಿಯಾಗಲಿ ಇರಬಾರದು. ಒಲೆಯಿರುವ ಅಡುಗೆಮನೆಯಲ್ಲಿ ಈ ಕೆಲಸ ಬೇಡ. ಆಮೇಲೆ ಡಿಟರ್ಜೆಂಟಿನಲ್ಲಿ ತೊಳೆದು, ಜಾಲಿಸುವ ಕೊನೆಯ ನೀರಿಗೆ ಅರ್ಧ ಲೋಟ ವಿನೆಗರ್ ಹಾಕಿ. ಕಪ್ಪು ಚುಕ್ಕೆಯ ಗುರುತು ಉಳಿದರೂ ಚಿಂತೆಯಿಲ್ಲ, ಬಣ್ಣ ಉಳಿದ ಮಾತ್ರಕ್ಕೆ ಬೂಷ್ಟು ಜೀವಂತವಾಗಿದೆ ಎಂದರ್ಥವಲ್ಲ. ತೇವವಿಲ್ಲದೆ ಬೂಷ್ಟು ಬೆಳೆಯದು; ಚಿತ್ರದುರ್ಗದಂಥ ಒಣ ಹವೆಯ ಊರಿನಲ್ಲಿ ಚೀಲಕ್ಕೆ ಬೂಷ್ಟು ಬಂದಿದ್ದರೆ ಒದ್ದೆಯಾಗಿಯೇ ಮುಚ್ಚಿಟ್ಟದ್ದು ಅದಕ್ಕೆ ಕಾರಣವಾಗಿರುತ್ತದೆ.

ಸೀಮೆಎಣ್ಣೆ, ಇಲಿ, ಕೀಟನಾಶಕ

ಸೀಮೆಎಣ್ಣೆ ಅಥವಾ ಪೆಟ್ರೋಲು ಸೋರಿದ್ದರೆ ಮೊದಲು ಎರಡು ಮೂರು ದಿನ ನೆರಳಿನ ಗಾಳಿಗೆ ಬಿಟ್ಟು ಹಾರಿಹೋಗಲು ಬಿಡಿ, ಆಮೇಲೆ ಎಣ್ಣೆಗೆ ಹೇಳಿದ ಕ್ರಮವನ್ನೇ ಮಾಡಿ. ಇಲಿ ಮೂತ್ರ ಮಾಡಿದ ಚೀಲವನ್ನು ಬರಿಗೈಯಲ್ಲಿ ಮುಟ್ಟಬೇಡಿ. ಇಲಿಜ್ವರ ಹರಡುವುದು ಆ ಮೂತ್ರದಿಂದಲೇ. ರಬ್ಬರ್ ಕೈಗವಸು ಹಾಕಿಕೊಂಡು, ಹಿಕ್ಕೆಗಳನ್ನು ಗುಡಿಸುವ ಬದಲು ಸೋಪುನೀರು ಚಿಮುಕಿಸಿ ಒದ್ದೆ ಮಾಡಿ ತೆಗೆದು, ನಂತರ ಎನ್‌ಜೈಮ್ ಡಿಟರ್ಜೆಂಟಿನಲ್ಲಿ ನೆನೆಸಿ. ಚಂದ್ರವಳ್ಳಿಯಂಥ ಕಡೆಯ ಗುಹೆಗಳಲ್ಲಿ ಇಟ್ಟ ಚೀಲಕ್ಕೆ ಬಾವಲಿಯ ಹಿಕ್ಕೆ ತಗುಲಿದ್ದರೂ ಇದೇ ರೀತಿ ಮಾಡಿ.

ಮೆಕ್ಕೆಜೋಳಕ್ಕೋ ಹತ್ತಿಗೋ ಹೊಡೆಯುವ ಕೀಟನಾಶಕ ಚೀಲದಲ್ಲಿ ಸೋರಿದ್ದರೆ ವಾಸನೆ ತೆಗೆಯುವ ಪ್ರಯತ್ನವನ್ನೇ ಮಾಡಬಾರದು. ವಾಸನೆ ಹೋದರೂ ವಿಷ ಸ್ಪಂಜಿನಲ್ಲಿ ಉಳಿಯಬಹುದು, ಬೆವರಿದ ಬೆನ್ನಿನ ಚರ್ಮ ಅದನ್ನು ಹೀರಿಕೊಳ್ಳಬಹುದು. ಆ ಚೀಲವನ್ನು ಮತ್ತಾರೂ ಬಳಸದಂತೆ ಕತ್ತರಿಸಿ ವಿಲೇವಾರಿ ಮಾಡಿ. ಕೆರೆಯ ನೀರಿನಲ್ಲಿ ತೊಳೆಯುವುದಂತೂ ಮೀನಿಗೂ ದನಕರುಗಳಿಗೂ ಅಪಾಯ.

ಒಣಗಿಸುವುದು

ಮೇಲಿನ ಶ್ರಮವೆಲ್ಲ ಉಳಿಯುವುದು ಅಥವಾ ವ್ಯರ್ಥವಾಗುವುದು ಈ ಹಂತದಲ್ಲಿ. ತೊಳೆದ ಚೀಲವನ್ನು ಹಿಂಡಬೇಡಿ. ದಪ್ಪ ಟವೆಲಿನಲ್ಲಿ ಪಟ್ಟಿಗಳನ್ನೂ ಪ್ಯಾಡನ್ನೂ ಸುತ್ತಿ ಮೊಣಕಾಲಿನಿಂದ ಒತ್ತಿ. ಟವೆಲು ಹೀರುವ ನೀರಿನ ಪ್ರಮಾಣವನ್ನು ಕಂಡರೆ ಸ್ಪಂಜು ಎಷ್ಟು ಹಿಡಿದಿತ್ತು ಎಂದು ಅರಿವಾಗುತ್ತದೆ. ಎಲ್ಲ ಜಿಪ್‌ ತೆರೆದು, ಒಳಪದರವನ್ನು ಹೊರಗೆಳೆದು, ತಲೆಕೆಳಗಾಗಿ ತೂಗುಹಾಕಿ. ನೇರ ಬಿಸಿಲಿನಲ್ಲಿ ದಿನಗಟ್ಟಲೆ ಬಿಡಬಾರದು, ಬಿಸಿಲಿನ ಅತಿನೇರಳೆ ಕಿರಣ ನೈಲಾನ್ ನೂಲನ್ನು ಬಲಗುಂದಿಸುತ್ತದೆ. ಬೆಳಗಿನ ಎಳೆಬಿಸಿಲನ್ನು ಒಂದು ಗಂಟೆ ಒಳಮೈಗೆ ತೋರಿಸಿ ಆಮೇಲೆ ನೆರಳಿಗೆ ತರುವುದು ಉತ್ತಮ. ಮಧ್ಯಾಹ್ನದ ತಾರಸಿಯ ನೆಲಕ್ಕೆ ಚೀಲವನ್ನು ಮಲಗಿಸಿದರೆ ಕಾದ ಕಾಂಕ್ರೀಟು ಒಳಲೇಪವನ್ನು ಮೆತ್ತಗೆ ಮಾಡಿ ಒಂದಕ್ಕೊಂದು ಅಂಟಿಸುತ್ತದೆ.

ಈ ವಿಷಯದಲ್ಲಿ ನಮ್ಮ ನೆಲ ನಮಗೆ ದೊಡ್ಡ ಅನುಕೂಲ. ಜೋಗಿಮಟ್ಟಿಯ ಸುತ್ತಲ ಗುಡ್ಡಗಳ ಮೇಲೆ ಸಾಲುಸಾಲು ಗಾಳಿಯಂತ್ರಗಳನ್ನು ನಿಲ್ಲಿಸುವಷ್ಟು ಗಾಳಿ ಬೀಸುವ, ಫೆಬ್ರವರಿಯಿಂದ ಏಪ್ರಿಲ್‌ವರೆಗೆ ತೇವಾಂಶ ತೀರ ಕಡಿಮೆಯಿರುವ ಊರಿನಲ್ಲಿ ನೆರಳಿನಲ್ಲೇ ಚೀಲ ಚೆನ್ನಾಗಿ ಒಣಗುತ್ತದೆ. ವರ್ಷದ ದೊಡ್ಡ ತೊಳೆತವನ್ನು ಈ ತಿಂಗಳುಗಳಿಗೆ ಇಟ್ಟುಕೊಳ್ಳಿ. ಸೆಪ್ಟೆಂಬರ್, ಅಕ್ಟೋಬರಿನ ಮಳೆಯಲ್ಲಿ ಅನಿವಾರ್ಯವಾಗಿ ತೊಳೆಯಬೇಕಾದರೆ ಒಂದು ದಿನ ಪೂರ್ತಿ ಫ್ಯಾನಿನ ಎದುರು ತೂಗುಹಾಕಬೇಕಾದೀತು.

ಹೊರಬಟ್ಟೆ ಒಣಗಿದ ಮೇಲೂ ಸ್ಪಂಜು ಒಳಗೆ ಒದ್ದೆಯಾಗಿಯೇ ಇರುತ್ತದೆ. ಅಂಗೈಯಿಂದ ಮುಟ್ಟಿದರೆ ಇದು ತಿಳಿಯುವುದಿಲ್ಲ. ಪ್ಯಾಡನ್ನು ಕೆನ್ನೆಗೆ ಒತ್ತಿ ಹಿಡಿಯಿರಿ. ತಣ್ಣಗೆ ತಗುಲಿದರೆ ಒಳಗಿಂದ ಇನ್ನೂ ನೀರು ಆವಿಯಾಗುತ್ತಿದೆ ಎಂದೇ ಅರ್ಥ. ಅಥವಾ ಮಡಿಸಿದ ವೃತ್ತಪತ್ರಿಕೆಯನ್ನು ಪ್ಯಾಡಿನ ಮೇಲಿಟ್ಟು, ರಾಗಿ ತುಂಬಿದ ಡಬ್ಬಿಯಂಥ ಭಾರವನ್ನು ಹೇರಿ, ಒಂದು ಗಂಟೆಯ ನಂತರ ಕಾಗದ ಮೆತ್ತಗಾಗಿದೆಯೇ ನೋಡಿ. ಗರಿಗರಿಯಾಗಿಯೇ ಇದ್ದರೆ ಮಾತ್ರ ಕೆಲಸ ಮುಗಿದಿದೆ.

ಉಳಿದ ಅಲ್ಪಸ್ವಲ್ಪ ವಾಸನೆ ಮತ್ತು ಮುಂದಿನ ಜೋಪಾನ

ಪೂರ್ತಿ ಒಣಗಿದ ಚೀಲದಲ್ಲಿ ಸಣ್ಣ ವಾಸನೆ ಉಳಿದಿದ್ದರೆ ಇದ್ದಿಲು ಒದಗುತ್ತದೆ. ಅಕ್ವೇರಿಯಂ ಅಂಗಡಿಯಲ್ಲಿ ಸಿಗುವ ಸಕ್ರಿಯ ಇದ್ದಿಲು ಉತ್ತಮ. ಅದರ ಸೂಕ್ಷ್ಮ ರಂಧ್ರಗಳು ವಾಸನೆಯ ಕಣಗಳನ್ನು ಹಿಡಿದಿಡುತ್ತವೆ. ಅದು ಸಿಗದಿದ್ದರೆ ಇಸ್ತ್ರಿ ಅಂಗಡಿಯ ಮರದ ಇದ್ದಿಲನ್ನೇ ತಂದು, ಬಾಣಲೆಯಲ್ಲಿ ಬಿಸಿ ಮಾಡಿ ತೇವ ಹೋಗಿಸಿ, ಆರಿದ ಮೇಲೆ ಹಳೆಯ ಕಾಲುಚೀಲದಲ್ಲಿ ಕಟ್ಟಿ ಚೀಲದೊಳಗಿಟ್ಟು ವಾರದವರೆಗೆ ಬಾಯಿ ಮುಚ್ಚಿಡಿ. ಅದರ ಶಕ್ತಿ ಕಡಿಮೆಯಾದರೂ ಕೆಲಸ ಮಾಡುತ್ತದೆ. ಸಾಂಬ್ರಾಣಿ ಹೊಗೆ, ಅತ್ತರು, ಕೋಣೆಯ ಸ್ಪ್ರೇ ಯಾವುದೂ ಬೇಡ. ಅವು ಹಳೆಯ ನಾತದ ಮೇಲೆ ಹೊಸದನ್ನು ಕೂರಿಸುತ್ತವೆ. ಅನ್ನ ತಿಂಡಿ ಹೊರುವ ಚೀಲದಲ್ಲಿ ನುಸಿಗುಳಿಗೆಗಳನ್ನು ಇಡುವುದನ್ನು ನಾನು ಖಂಡಿತ ಒಪ್ಪುವುದಿಲ್ಲ. ಅವುಗಳ ನ್ಯಾಫ್ತಲೀನ್ ಆವಿ ಸ್ಪಂಜಿನಲ್ಲಿ ಕೂತರೆ ತಿಂಗಳುಗಟ್ಟಲೆ ಬಿಡುವುದಿಲ್ಲ, ಆರೋಗ್ಯಕ್ಕೂ ಒಳ್ಳೆಯದಲ್ಲ.

ಮನೆಗೆ ಬಂದ ದಿನವೇ ಚೀಲವನ್ನು ಖಾಲಿ ಮಾಡಿ, ಪಟ್ಟಿಗಳನ್ನು ಒದ್ದೆ ಬಟ್ಟೆಯಿಂದ ಒರೆಸಿ ಉಪ್ಪನ್ನು ತೆಗೆದು, ರಾತ್ರಿಯಿಡೀ ಬಾಯಿ ತೆರೆದು ತೂಗುಹಾಕುವ ಅಭ್ಯಾಸವಿದ್ದರೆ ಟಬ್ಬಿನ ಕೆಲಸ ವರ್ಷಕ್ಕೊಮ್ಮೆ ಸಾಕಾಗುತ್ತದೆ. ಮಾಂಸ, ಮೀನು, ಎಣ್ಣೆಯ ಬುತ್ತಿಗಳನ್ನು ಮುಚ್ಚಳ ಬಿಗಿಯಾದ ಸ್ಟೀಲ್ ಡಬ್ಬಿಯಲ್ಲೇ ಒಯ್ಯಿರಿ. ಕೊಳವೆಯಿರುವ ನೀರಿನ ಚೀಲ ಒಳಗಿದ್ದರೆ ಅದನ್ನು ಬೇರೆಯಾಗಿ ಅಡುಗೆ ಸೋಡಾ ನೀರಿನಲ್ಲಿ ತೊಳೆದು, ಕೊಳವೆಯನ್ನು ಕಳಚಿ, ಒಳಗೆ ಗಾಳಿಯಾಡುವಂತೆ ಒಂದು ಸೌಟನ್ನು ತೂರಿಸಿ ಒಣಗಿಸಿ.

ತೊಳೆದರೂ ಹೋಗದ ವಾಸನೆ

ಹತ್ತಾರು ವರ್ಷ ಹಳೆಯ ಚೀಲಗಳ ಒಳಗೆ ನೀರು ತಡೆಯಲು ಬಳಿದ ಪಾಲಿಯುರಿಥೇನ್ ಲೇಪ ಗಾಳಿಯ ತೇವಾಂಶದಿಂದಲೇ ನಿಧಾನವಾಗಿ ಒಡೆಯುತ್ತದೆ. ಒದ್ದೆ ಬೆರಳಿಗೆ ಅಂಟುವ ಪದರ ಮತ್ತು ವಾಂತಿಯಂಥ ನಾತ ಅದರ ಗುರುತುಗಳು. ಇಲ್ಲಿ ವಾಸನೆ ಕೊಳೆಯಿಂದ ಬರುವುದಿಲ್ಲ, ಚೀಲದ ಮೈಯಿಂದಲೇ ಬರುತ್ತದೆ. ಸೋಡಾ, ವಿನೆಗರ್, ಎನ್‌ಜೈಮ್ ಯಾವುದೂ ಇದನ್ನು ಗುಣಪಡಿಸಲಾರವು. ಬಟ್ಟೆ ಗಟ್ಟಿಯಾಗಿದ್ದು ಚೀಲದ ಮೇಲೆ ಮೋಹವಿದ್ದರೆ, ಸೋಪುನೀರಿನಲ್ಲಿ ನೆನೆಸಿ ಬಿರುಸು ಬ್ರಷ್ಷಿನಿಂದ ಲೇಪವನ್ನೆಲ್ಲ ಉಜ್ಜಿ ಕಿತ್ತುಹಾಕಬಹುದು. ಆಮೇಲೆ ಅದು ಮಳೆ ತಡೆಯುವುದಿಲ್ಲವಾದ್ದರಿಂದ ಒಳಗೆ ದಪ್ಪ ಪ್ಲಾಸ್ಟಿಕ್ ಚೀಲ ಹಾಕಿಕೊಂಡು ಬಳಸಬೇಕು. ಬಳಸಿದ ಬೇಟೆಚೀಲವನ್ನು ಕೊಳ್ಳುವವರು ಹಣ ಕೊಡುವ ಮುಂಚೆಯೇ ಒಳಗಿನ ತಳದ ಮೂಲೆಯನ್ನು ಒದ್ದೆ ಬೆರಳಿನಿಂದ ಉಜ್ಜಿ ನೋಡಲಿ. ಲೇಪ ಪೂರ್ತಿ ಕಳಚುತ್ತಿದ್ದು ಬಟ್ಟೆಯೂ ಹರಿಯುವಂತಿದ್ದರೆ, ಬಕಲ್‌ಗಳನ್ನು ಮತ್ತು ಗಟ್ಟಿಯಿರುವ ಪಟ್ಟಿಗಳನ್ನು ಕತ್ತರಿಸಿ ತೆಗೆದಿಟ್ಟುಕೊಂಡು ಉಳಿದದ್ದನ್ನು ಬಿಟ್ಟುಬಿಡಿ. ಆ ಬಕಲ್‌ಗಳನ್ನು ಊರಿನ ಬ್ಯಾಗ್ ಹೊಲಿಯುವವರು ಇನ್ನೊಂದು ಚೀಲಕ್ಕೆ ಸುಲಭವಾಗಿ ಕೂರಿಸಿಕೊಡುತ್ತಾರೆ.